ದೃಷ್ಟಿಹೀನರು ಇಲ್ಲಿ ಒತ್ತಿ

ಆ ಜಾಲತಾಣದ ಮೊದಲ ಪುಟದ ಮೇಲ್ತುದಿಯಲ್ಲಿ ಒಂದು ಗುಂಡಿ ಇತ್ತಂತೆ. ಹಳದಿ ಬಣ್ಣದ್ದಂತೆ, ದೊಡ್ಡದಂತೆ, ಅದರ ಮೇಲೆ 'ದೃಷ್ಟಿಹೀನರು ಇಲ್ಲಿ ಒತ್ತಿ' ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತಂತೆ. ಇಷ್ಟೊಂದು 'ಅಂತೆ' ಯಾಕೆಂದರೆ ನನಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಒಂದು ತಂತ್ರಾಂಶ ನನ್ನ ಕಂಪ್ಯೂಟರಿನಲ್ಲಿದೆ. ನಾನು ಓದುವುದೂ ಬರೆಯುವುದೂ ಅದರ ದನಿಯನ್ನು ನಂಬಿಕೊಂಡು. ಆ ಗುಂಡಿಯನ್ನು ಬರೀ ಚಿತ್ರವಾಗಿ ಅಂಟಿಸಿ, ಅದು ಏನೆಂದು ಹೇಳುವ ಒಂದು ಪದವನ್ನೂ ಹಿಂದೆ ಇಟ್ಟಿರಲಿಲ್ಲವಾದ್ದರಿಂದ ತಂತ್ರಾಂಶ 'ಚಿತ್ರ' ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತಿತ್ತು. ಕುರುಡರಿಗೆಂದೇ ಮಾಡಿದ ಗುಂಡಿ ಕಣ್ಣಿದ್ದವರಿಗೆ ಮಾತ್ರ ಸಿಗುವಂತಿತ್ತು.

ಪಕ್ಕದ ಮನೆಯಾಕೆಯನ್ನು ಕರೆದು, ಅದೇನೆಂದು ಓದಿಸಿ, ಒತ್ತಿಸಿದೆ. ಶಹನಾಯಿ ಶುರುವಾಯಿತು. ಅದರ ಹಿಂದೆಯೇ ಜಾಲತಾಣ ಹಾಕಿದ ಸಂಸ್ಥೆಯ ಅಧ್ಯಕ್ಷರ ಶುಭಸಂದೇಶ. ವಿಶೇಷಚೇತನರು ದೇವರ ಮಕ್ಕಳು, ಅವರ ಸೇವೆಯೇ ನಮ್ಮ ಭಾಗ್ಯ ಎಂದೆಲ್ಲ ಹೇಳುತ್ತಿದ್ದರು. ನಿಲ್ಲಿಸುವ ದಾರಿ ಇರಲಿಲ್ಲ. ಅಧ್ಯಕ್ಷರೂ ನನ್ನ ತಂತ್ರಾಂಶವೂ ಒಟ್ಟಿಗೆ ಮಾತಾಡತೊಡಗಿದರು, ಇಬ್ಬರದೂ ತಿಳಿಯಲಿಲ್ಲ. ಕೊನೆಗೆ ಕಂಪ್ಯೂಟರನ್ನೇ ಆರಿಸಿದೆ. ಮೊದಲು ಅಂಗವಿಕಲರು ಎನ್ನುತ್ತಿದ್ದರು, ಆಮೇಲೆ ವಿಕಲಚೇತನರು, ಈಗ ವಿಶೇಷಚೇತನರು. ಹೆಸರು ಬದಲಾಯಿಸುವುದರಲ್ಲಿ ನಮ್ಮವರು ಬಲು ಚುರುಕು.

ಅಂಗವಿಕಲರು ಬಳಸುವಂತಿದೆಯೋ ಇಲ್ಲವೋ ಎಂದು ಜಾಲತಾಣಗಳನ್ನು ತಪಾಸಣೆ ಮಾಡುವುದು ನನ್ನ ಕಸುಬು. ಚಿತ್ರದುರ್ಗದಲ್ಲಿ ಮನೆಯಲ್ಲೇ ಕುಳಿತು ಮಾಡುತ್ತೇನೆ. ಕಾಣದವರು ಹೇಗೆ ತಪಾಸಣೆ ಮಾಡುತ್ತೀರಿ ಎಂದು ಕೇಳುವವರಿದ್ದಾರೆ. ಕಾಣುವವರು ಮಾಡಿದ್ದರ ಫಲವನ್ನು ಈಗಷ್ಟೇ ಹೇಳಿದೆನಲ್ಲ.

ಈ ಜಾಲತಾಣ ಒಂದು ಸಂಸ್ಥೆಯದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕೂ ಕಡೆ ಕಾಲೇಜು ಹುಡುಗಿಯರಿಗೆ ಹಾಸ್ಟೆಲ್ ನಡೆಸುತ್ತಾರೆ. ಒಳ್ಳೆಯ ಹಾಸ್ಟೆಲ್‌ಗಳೇ, ಅದರಲ್ಲಿ ಎರಡು ಮಾತಿಲ್ಲ. ಆ ವರ್ಷದಿಂದ ಕಾಗದದ ಅರ್ಜಿ ನಿಲ್ಲಿಸಿ ಎಲ್ಲವನ್ನೂ ಜಾಲತಾಣಕ್ಕೆ ಹಾಕಿದ್ದರು. ಉದ್ಘಾಟನೆಗೆ ದೊಡ್ಡವರೊಬ್ಬರನ್ನು ಕರೆದಿದ್ದರು. ಅವರ ಮುಂದೆ ಇಡಲು, ಅಂಗವಿಕಲರೂ ಇದನ್ನು ಬಳಸಬಹುದು ಎಂಬ ನನ್ನ ವರದಿ ಬೇಕಿತ್ತು.

ಮೊದಲ ಪುಟ ದಾಟಿದರೆ ಇನ್ನೊಂದು ರಾಮಾಯಣ. ಸೂಚನೆಗಳನ್ನೆಲ್ಲ ಓಬೀರಾಯನ ಕಾಲದ ಫಾಂಟಿನಲ್ಲಿ ಬೆರಳಚ್ಚು ಮಾಡಿ ಹಾಗೆಯೇ ತಂದು ಸುರಿದಿದ್ದರು. ಅಂಥ ಫಾಂಟು ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಚೂರುಪಾರು. ಅದೇನು ಸೂಚನೆಯೋ, ನನ್ನ ಕಿವಿಗೆ 'ಎಸ್, ಪೌಂಡ್, ಎ, ಪೌಂಡ್' ಎಂದು ಬಂತು. ನನ್ನ ಭಾಷೆಯನ್ನು ನನ್ನ ಜಿಲ್ಲೆಯ ಸಂಸ್ಥೆಯೊಂದು ನನಗೆ ಹೀಗೆ ಕೇಳಿಸಿತಲ್ಲ ಎಂದು ಮೈ ಉರಿಯಿತು. ಯಾವ ಊರಿನ ಹಾಸ್ಟೆಲ್ ಬೇಕು ಎಂದು ಆರಿಸುವಲ್ಲಿ ನಾಲ್ಕು ಹೆಸರಿದ್ದವಂತೆ. ನನಗೆ ಕೇಳಿಸಿದ್ದು 'ಗುಂಡಿ, ಗುಂಡಿ, ಗುಂಡಿ, ಗುಂಡಿ'. ಕಟ್ಟಕಡೆಗೆ, ಅರ್ಜಿ ಹಾಕುತ್ತಿರುವವರು ಮನುಷ್ಯರೇ ಹೌದೆಂದು ಖಾತ್ರಿ ಮಾಡಿಕೊಳ್ಳಲು ಸೊಟ್ಟಪಟ್ಟ ಅಕ್ಷರಗಳ ಒಂದು ಚಿತ್ರ. ಅದನ್ನು ನೋಡಿ ಬರೆಯಬೇಕು. ನೋಡಲಾಗದವರು ಮನುಷ್ಯರ ಲೆಕ್ಕಕ್ಕಿಲ್ಲ.

ಕಾರ್ಯದರ್ಶಿಯವರಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಅವರು ನಿವೃತ್ತ ಮೇಷ್ಟರು, ಮಾತು ಬೆಣ್ಣೆ. ಎಲ್ಲ ಸಾವಧಾನವಾಗಿ ಕೇಳಿಸಿಕೊಂಡು, ಅಂಥ ಹುಡುಗಿಯರು ನಮ್ಮಲ್ಲಿಗೆ ಬರುವುದೇ ಇಲ್ಲ ಮೇಡಂ, ಬಂದರೂ ಮನೆಯವರು ತುಂಬಿಕೊಡುತ್ತಾರೆ ಎಂದರು. ಬಾಗಿಲಿಗೆ ಬೀಗ ಹಾಕಿ, ಯಾರೂ ಒಳಗೆ ಬರುವುದೇ ಇಲ್ಲ ಎಂದ ಹಾಗಿತ್ತು. ಒಬ್ಬಳನ್ನು ನಾನೇ ಕರೆತರುತ್ತೇನೆ, ನಿಮ್ಮ ಕಣ್ಣೆದುರಿಗೇ ತುಂಬಿಸಿ ನೋಡೋಣ ಎಂದೆ. ಅವರು ಸಂತೋಷದಿಂದ ಒಪ್ಪಿದರು. ಸಂತೋಷಕ್ಕೆ ಕಾರಣ ಏನೆಂದು ಆಮೇಲೆ ಗೊತ್ತಾಯಿತು.

ಆ ಹುಡುಗಿ ಧರ್ಮಪುರದ ಕಡೆಯವಳು. ಕುರಿ ಕಾಯುವ ಮನೆ. ಅಪ್ಪ ಕುರಿ ಹೊಡೆದುಕೊಂಡು ಹೊರಗೆ ಹೋದರೆ, ಅವ್ವ ಮನೆಯ ಶೇಂಗಾ ಹೊಲ ನೋಡಿಕೊಳ್ಳುತ್ತಿದ್ದಳು. ಹುಡುಗಿಗೆ ಹುಟ್ಟಿದಾಗಿನಿಂದ ಕಣ್ಣಿಲ್ಲ. ಹಿಂದಿನ ಬೇಸಿಗೆಯಲ್ಲಿ ಹಿರಿಯೂರಿನಲ್ಲಿ ನಾನು ಮೊಬೈಲ್ ಬಳಸುವುದನ್ನು ಕಲಿಸುವ ಒಂದು ಶಿಬಿರ ಮಾಡಿದ್ದೆ, ಅಲ್ಲಿ ಸಿಕ್ಕವಳು. ನಾನು ಒಂದು ಹೇಳಿಕೊಟ್ಟರೆ ಮುಂದಿನದನ್ನು ತಾನೇ ಹುಡುಕಿಕೊಂಡಿರುತ್ತಿದ್ದಳು. ಪಿಯುಸಿ ಮುಗಿಸಿದ್ದಳು, ಒಳ್ಳೆಯ ಅಂಕ. ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಮಾತಾಡುವ ಕಂಪ್ಯೂಟರುಗಳಿರುವ ಕೋಣೆ ಇದೆ. ಅಲ್ಲೇ ಬಿ.ಕಾಂ. ಓದಬೇಕೆಂದು ಹಟ ಹಿಡಿದಿದ್ದಳು. ಧರ್ಮಪುರದಿಂದ ಚಿತ್ರದುರ್ಗಕ್ಕೆ ದಿನಾ ಓಡಾಡುವುದು ಆಗದ ಮಾತು. ಚಿತ್ರದುರ್ಗದ ಹಾಸ್ಟೆಲಿನಲ್ಲಿ ಜಾಗ ಸಿಕ್ಕರೆ ಓದು, ಇಲ್ಲದಿದ್ದರೆ ಮನೆ. ಅದಕ್ಕಿಂತ ಬೇರೆ ದಾರಿ ಇರಲಿಲ್ಲ.

ನಾನು ಚಿತ್ರದುರ್ಗದಿಂದ, ಹುಡುಗಿಯೂ ಅವಳ ಅವ್ವನೂ ಧರ್ಮಪುರದಿಂದ ಬಸ್ಸಿನಲ್ಲಿ ಹಿರಿಯೂರಿಗೆ ಬಂದೆವು. ಸಂಸ್ಥೆಯ ಕಚೇರಿ ಅಲ್ಲೇ. ಕೋಣೆಯಲ್ಲಿ ಕಾರ್ಯದರ್ಶಿಗಳು, ಕಂಪ್ಯೂಟರಿನ ಗುಮಾಸ್ತರು, ನಾವು ಮೂವರು. ಒಳಗೆ ಕಾಲಿಟ್ಟಾಗಲೇ ಸುಗಂಧರಾಜದ ವಾಸನೆ ಬಂತು. ದೇವರ ಫೋಟೋಕ್ಕಿರಬೇಕು ಎಂದುಕೊಂಡೆ.

ನನ್ನ ನಿಯಮ ಹೇಳಿದೆ. ಹುಡುಗಿ ತುಂಬುವಾಗ ಯಾರೂ ಮಾತಾಡಬಾರದು, ಯಾರೂ ಮುಟ್ಟಬಾರದು. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾಳೆ ಎನ್ನುವುದೇ ನಮಗೆ ಬೇಕಾದದ್ದು. ಎಲ್ಲರೂ ಹೂಂ ಎಂದರು. ತಂತ್ರಾಂಶದ ದನಿ ಎಲ್ಲರಿಗೂ ಕೇಳಲೆಂದು ಜೋರಾಗಿಟ್ಟೆ. ಹುಡುಗಿ ಶುರು ಮಾಡಿದಳು. ಹೆಸರಿನ ಜಾಗ ಹುಡುಕಿಕೊಂಡಳು, ತುಂಬಿದಳು. ಮುಂದಿನದಕ್ಕೆ ಹೋದಳು, ಪೌಂಡ್ ಎಂದಿತು. ಹಿಂದೆ ಬಂದಳು. ಮತ್ತೆ ಹೋದಳು. ಗುಂಡಿ, ಗುಂಡಿ ಎಂದಿತು. ತಲೆ ಕೆಡಿಸಿಕೊಳ್ಳದೆ ಮತ್ತೆ ಮೊದಲಿನಿಂದ ಹೊರಟಳು. ನನ್ನ ಪಕ್ಕದಲ್ಲಿ ಗುಮಾಸ್ತರು ಛೇ ಛೇ ಎಂದು ಒದ್ದಾಡುತ್ತಿದ್ದರು. ಸುಮ್ಮನಿರಿ ಎಂದೆ. ಸ್ವಲ್ಪ ಹೊತ್ತಿಗೆ ಕುರ್ಚಿ ಸರಿದ ಸದ್ದಾಯಿತು.

"ಯವ್ವಾ, ಬಿಡು ಇತ್ಲಾಗೆ. ನೋಡಕ್ಕಾಗಲ್ಲ ನಂಗೆ," ಎಂದು ಗುಮಾಸ್ತರು ಅವಳ ಕೈಯಿಂದ ಕೀಲಿಮಣೆ ಎಳೆದುಕೊಂಡೇಬಿಟ್ಟರು.

ನಾನು ಬೇಡ ಎನ್ನುವಷ್ಟರಲ್ಲಿ ಟಕಟಕ ಶುರುವಾಗಿತ್ತು. ಅಪ್ಪನ ಹೆಸರೇನವ್ವ ಎಂದು ಅವ್ವನನ್ನು ಕೇಳಿದರು, ಹುಡುಗಿಯನ್ನಲ್ಲ. ಹುಟ್ಟಿದ ದಿನವನ್ನೂ ಅವ್ವನನ್ನೇ ಕೇಳಿದರು. ಅವ್ವನಿಗೆ ಗೊತ್ತಿರಲಿಲ್ಲ, ಹುಡುಗಿ ಹೇಳಿದಳು. ಮನುಷ್ಯರೆಂದು ಖಾತ್ರಿಪಡಿಸುವ ಸೊಟ್ಟ ಅಕ್ಷರಗಳನ್ನೂ ಅವರೇ ಹೊಡೆದರು. ಆಯ್ತು ಎಂದು ಕೈ ಕೊಡವಿದರು. ಕಾರ್ಯದರ್ಶಿಗಳು ಚಪ್ಪಾಳೆ ತಟ್ಟಿದರು. ಸುಗಂಧರಾಜ ದೇವರಿಗಲ್ಲ, ನಮಗೆ ಎಂದು ಆಗ ತಿಳಿಯಿತು. ಹುಡುಗಿಯ ಕೊರಳಿಗೆ ಹಾರ, ನನ್ನ ಹೆಗಲಿಗೆ ಶಾಲು, ಕೈಗೊಂದು ಮೂಸಂಬಿ. ಯಾರೋ ಮಂಡಕ್ಕಿ ಮೆಣಸಿನಕಾಯಿ ತಂದಿಟ್ಟರು. ನಮ್ಮ ಜಾಲತಾಣದಲ್ಲಿ ಅರ್ಜಿ ಸಲ್ಲಿಸಿದ ಮೊದಲ ದೃಷ್ಟಿಹೀನ ವಿದ್ಯಾರ್ಥಿನಿ ಎಂದು ಫೋಟೋ ತೆಗೆದರು. ಗುಮಾಸ್ತರು ಮಾಡಿದ್ದು ಪರೀಕ್ಷೆ ಕೆಡಿಸಿದ್ದು ಎಂದು ಆ ಕೋಣೆಯಲ್ಲಿ ಯಾರ ತಲೆಗೂ ಹೊಳೆಯಲಿಲ್ಲ. ಅವರ ಪ್ರಕಾರ ಪರೀಕ್ಷೆ ಪಾಸಾಗಿತ್ತು.

ನಮ್ಮ ಕಡೆಯ ಜನಕ್ಕೆ ಕುರುಡರು ತಡಕಾಡುವುದನ್ನು ನೋಡಿಕೊಂಡಿರಲು ಆಗುವುದಿಲ್ಲ. ಕರುಳು ಚುರುಕ್ ಎನ್ನುತ್ತದೆ, ಕೈ ಮುಂದೆ ಬರುತ್ತದೆ, ಬಾಯಿಂದ ಪ್ರಶ್ನೆ ಮಾತ್ರ ಬರುವುದಿಲ್ಲ. ಒಮ್ಮೆ ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ ನಿಂತಿದ್ದೆ. ಪುಣ್ಯಾತ್ಮರೊಬ್ಬರು ಬಂದು, ಬರ್ರಿ ಬರ್ರಿ ಎಂದು ಕೈ ಹಿಡಿದು ಮೆಟ್ಟಿಲು ಹತ್ತಿಸಿ ಆ ಕಡೆಯ ಪ್ಲಾಟ್‌ಫಾರ್ಮಿಗೆ ಇಳಿಸಿ ಹೋದರು. ನನ್ನ ರೈಲು ಈ ಕಡೆ ಬಂದು ಹೋಯಿತು. ಅವರಿಗೆ ಆ ದಿನ ಊಟ ರುಚಿಸಿರಬೇಕು. ಇಂಥವರನ್ನು ಬೈದರೆ ನಾವೇ ಕೃತಘ್ನರು.

ಫೋಟೋ ಮುಗಿಯುವಷ್ಟರಲ್ಲಿ ಹುಡುಗಿಯ ಮೊಬೈಲಿಗೆ ಸಂದೇಶ ಬಂತು. ಮೊಬೈಲ್ ಓದಿತು. ನಿಮ್ಮ ಅರ್ಜಿ ಸ್ವೀಕರಿಸಲಾಗಿದೆ, ಆಯ್ಕೆ ಮಾಡಿದ ಹಾಸ್ಟೆಲ್ ಹಿರಿಯೂರು.

ಹುಡುಗಿ ಇನ್ನೊಂದು ಸಲ ಓದಿಸಿದಳು. ಆಮೇಲೆ ಮೆಲ್ಲಗೆ, ನಾನು ಕೇಳಿದ್ದು ಚಿತ್ರದುರ್ಗ ಎಂದಳು. ಗುಮಾಸ್ತರು ನಿಜಕ್ಕೂ ಬೆರಗಾದರು. ಊರಿಗೆ ಹತ್ತಿರ, ಅವ್ವ ಬಂದು ಹೋಗಲು ಅನುಕೂಲ, ಒಂಟಿ ಹುಡುಗಿ ಅಷ್ಟು ದೂರ ಯಾಕೆ ಎಂದು ತಾವೇ ಹಿರಿಯೂರು ಹಾಕಿದ್ದಾಗಿ ಹೇಳಿದರು. ಅವರ ದನಿಯಲ್ಲಿ ಕಪಟವಿರಲಿಲ್ಲ. ಅದೇ ನನಗೆ ಇನ್ನಷ್ಟು ಸಿಟ್ಟು ತಂದಿತು. ಕಣ್ಣಿದ್ದ ಹುಡುಗಿಯ ಅರ್ಜಿಯಲ್ಲಿ ಅವರು ಹೀಗೆ ಊರು ಬದಲಾಯಿಸುತ್ತಿದ್ದರೇ? ಅವಳು ಕೀಲಿಮಣೆ ಬಿಟ್ಟುಕೊಡುತ್ತಿದ್ದಳೇ?

ಒಮ್ಮೆ ಸಲ್ಲಿಸಿದ ಅರ್ಜಿಯನ್ನು ಕಚೇರಿಯವರು ಬಿಟ್ಟು ಬೇರೆ ಯಾರೂ ತಿದ್ದುವಂತಿರಲಿಲ್ಲ. ಕಾರ್ಯದರ್ಶಿಗಳು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡರು.

"ಮೇಡಂ, ಹುಡುಗೀದು ದುರ್ಗಕ್ಕೆ ನಾವು ಈಗ್ಲೇ ಬದಲಾಯಿಸಿ ಕೊಡ್ತೀವಿ. ನೀವು ವರದಿ ಒಂದು ಚೆನ್ನಾಗಿ ಬರ್ಕೊಡ್ರಿ. ಉದ್ಘಾಟನೆ ಹತ್ರ ಬಂದೈತೆ. ಸಣ್ಣಪುಟ್ಟ ತೊಂದ್ರೆ ಆಮೇಲೆ ನೋಡ್ಕಳಾಣ."

ನನ್ನ ಕೈಯಲ್ಲಿದ್ದ ಮೂಸಂಬಿಯನ್ನು ಎತ್ತಿ ಒಗೆಯಬೇಕೆನ್ನಿಸಿತು. ಇಲ್ಲ ಎಂದರೆ ಹೋಗುವುದು ನನ್ನ ಗಂಟಲ್ಲ, ಅವಳ ಓದು. ಹೂಂ ಎಂದರೆ ಅವಳ ಹಿಂದೆ ಬರುವ ಒಬ್ಬಳಿಗೂ ಆ ಜಾಲತಾಣ ತೆರೆಯುವುದಿಲ್ಲ. ಯಾವುದನ್ನು ಆರಿಸಲಿ ಎಂದು ನಾನು ಒಳಗೇ ತೂಗುತ್ತಿದ್ದೆ. ಅವಳ ಸೀಟಿನ ವಿಷಯದಲ್ಲಿ ಅವಳನ್ನು ಒಂದು ಮಾತು ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ. ಅವಳೇ ಮಾತಾಡಿದಳು.

"ಸಾರ್, ಸೀಟು ನನ್ ಮಾರ್ಕ್ಸ್ ನೋಡಿ ಕೊಡ್ರಿ. ಅಕ್ಕ ಏನ್ ಬರೀಬೇಕೋ ಬರೀಲಿ. ಎರಡನ್ನೂ ಒಂದೇ ಹಗ್ಗಕ್ಕೆ ಯಾಕ್ ಕಟ್ತೀರಿ? ಈಗ ತುಂಬಿದ್ದು ರದ್ದು ಮಾಡ್ರಿ. ಸೈಟ್ ಸರಿ ಮಾಡ್ರಿ, ನಾನೇ ತುಂಬ್ತೀನಿ."

ಕಾರ್ಯದರ್ಶಿಗಳ ಬೆಣ್ಣೆ ಮಾತು ಅಲ್ಲಿಗೆ ನಿಂತಿತು. ಅರ್ಜಿಗೆ ಕೊನೆಯ ದಿನ ಹತ್ತಿರದಲ್ಲೇ ಇದೆ, ಅಷ್ಟರಲ್ಲಿ ಸರಿಯಾಗದಿದ್ದರೆ ನಮ್ಮನ್ನು ಕೇಳಬಾರದು ಎಂದರು. ಹುಡುಗಿ ಒಪ್ಪಿದಳು. ಗುಮಾಸ್ತರು ರದ್ದು ಮಾಡಿದರು. ನಾನು ಶಾಲನ್ನು ಮಡಿಸಿ ಮೇಜಿನ ಮೇಲಿಟ್ಟೆ. ಹುಡುಗಿ ಹಾರ ತೆಗೆದಿಟ್ಟಳು.

ಬಸ್ ಸ್ಟ್ಯಾಂಡಿನ ತನಕ ಅವಳ ಅವ್ವ ಬಿರಬಿರನೆ ನಡೆದಳು. ಧರ್ಮಪುರದ ಬಸ್ಸು ಬಂದು ನಿಂತ ಮೇಲೆ ನನ್ನ ತೋಳು ಹಿಡಿದುಕೊಂಡಳು. "ನಿಮ್ಗೇನವ್ವ, ನಿಮ್ ಬದುಕು ಒಂದು ದಡ ಸೇರೈತೆ. ಸಿಕ್ಕಿದ್ ಸೀಟೂ ಹೋತಲ್ಲ. ಇವ್ಳಿಗೆ ಏನ್ ಹೇಳ್ಕೊಟ್ರಿ ನೀವು?" ಎಂದಳು. ಹೇಳಿಕೊಟ್ಟಿದ್ದು ನಾನಲ್ಲ ಎನ್ನಬಹುದಿತ್ತು, ಆದರೆ ಆ ತಾಯಿಯ ಸಿಟ್ಟೂ ನ್ಯಾಯವಾದದ್ದೇ. ಅವಳಿಗೆ ಅದನ್ನು ತೋರಿಸಿಕೊಳ್ಳಲು ಆ ದಿನ ಸಿಕ್ಕವಳು ನಾನೊಬ್ಬಳೇ.

ಮರುದಿನ ಬೆಳಿಗ್ಗೆ ವರದಿ ಬರೆದೆ. ಇಂಥ ವರದಿಗಳಲ್ಲಿ ನಯವಾಗಿ ಬರೆಯುವುದು ವಾಡಿಕೆ. ಸುಧಾರಣೆಗೆ ಅವಕಾಶವಿದೆ ಎಂದೋ, ಭಾಗಶಃ ಅನುಕೂಲಕರವೆಂದೋ. ನಾನು ಹಾಗೇನೂ ಬರೆಯಲಿಲ್ಲ. ಕಣ್ಣು ಕಾಣದ ಒಬ್ಬ ಹುಡುಗಿಯೂ ಈ ಜಾಲತಾಣದಲ್ಲಿ ತಾನಾಗಿ ಅರ್ಜಿ ಹಾಕಲಾರಳು, ಹಾಕಿದ್ದಾಳೆ ಎಂದು ತೆಗೆದ ಫೋಟೋ ಸುಳ್ಳು, ಎಂದು ಮೊದಲ ಸಾಲಿನಲ್ಲೇ ಬರೆದೆ. ಆಮೇಲೆ ಏನೇನು ಹೇಗೆ ಸರಿ ಮಾಡಬೇಕೆಂದು ಬಿಡಿಬಿಡಿಯಾಗಿ ಬರೆದೆ. ಅದನ್ನು ಕಾರ್ಯದರ್ಶಿಗಳಿಗೂ, ಜಾಲತಾಣ ಮಾಡಿಕೊಟ್ಟ ದಾವಣಗೆರೆಯವರಿಗೂ ಕಳಿಸಿದೆ.

ಕಾರ್ಯದರ್ಶಿಗಳು ನನ್ನ ಫೋನ್ ಎತ್ತುವುದನ್ನೇ ಬಿಟ್ಟರು. ದಾವಣಗೆರೆಯವರು ಮಾತ್ರ ತಾವಾಗಿ ಫೋನ್ ಮಾಡಿದರು. ಈ ಕೆಲಸಕ್ಕೆ ಇಳಿದಾಗಿನಿಂದ ಕುರುಡರೊಬ್ಬರು ಜಾಲತಾಣ ಬಳಸುವುದನ್ನು ತಾವು ಕೇಳಿಯೇ ಇಲ್ಲ, ಹೇಗೆ ಬಳಸುತ್ತೀರಿ ಎಂದು ವಿಚಾರಿಸಿದರು. ನನ್ನ ತಂತ್ರಾಂಶದ ದನಿಯನ್ನು ಫೋನಿನಲ್ಲೇ ಕೇಳಿಸಿದೆ. ಪೌಂಡ್, ಪೌಂಡ್ ಎಂದದ್ದನ್ನು ಕೇಳಿ ಆತ ಅಯ್ಯೋ ಎಂದರು. ಫಾಂಟು ಬದಲಾಯಿಸಿದರು. ಊರಿನ ಹೆಸರುಗಳು ಕೇಳುವಂತೆ ಮಾಡಿದರು. ಸೊಟ್ಟ ಅಕ್ಷರದ ಚಿತ್ರ ತೆಗೆದು, ಮೊಬೈಲಿಗೆ ಬರುವ ಅಂಕಿಯನ್ನು ಬರೆದರೆ ಸಾಕು ಎಂದು ಮಾಡಿದರು. ಹೆಚ್ಚು ಹೊತ್ತಿನ ಕೆಲಸವೇನಲ್ಲವಂತೆ. ಇದನ್ನು ಕೇಳಿ ಸಮಾಧಾನವಾಗಬೇಕಿತ್ತು, ನನಗೆ ಕೆಟ್ಟ ಕೋಪ ಬಂತು. ಅಷ್ಟು ಸುಲಭದ ಕೆಲಸವಾಗಿದ್ದರೆ ಮೊದಲೇ ಯಾಕೆ ಮಾಡಲಿಲ್ಲ? ಯಾರೂ ಕೇಳಿರಲಿಲ್ಲ, ಅಷ್ಟೇ ಕಾರಣ. ಶಹನಾಯಿಯ ಗುಂಡಿಯನ್ನು ಮಾತ್ರ ತೆಗೆಯಲು ಅವರಿಂದಾಗಲಿಲ್ಲ. ಅಧ್ಯಕ್ಷರಿಗೆ ಬೇಜಾರಾಗುತ್ತದೆಂದು ಕಚೇರಿಯಿಂದ ಹೇಳಿಕಳಿಸಿದ್ದರು.

ಹುಡುಗಿ ಕೊನೆಯ ದಿನಕ್ಕೆ ಮುಂಚೆಯೇ ತುಂಬಿದಳು. ಹೊಲದಲ್ಲಿ ಸಿಗ್ನಲ್ ಸಿಗುವ ಬದುವಿನ ಮೇಲೆ ಕುಳಿತು, ತನ್ನ ಮೊಬೈಲಿನಲ್ಲೇ, ತಾನೇ. ಅವ್ವ ಅತ್ತ ಕಡೆ ಕಳೆ ಕೀಳುತ್ತಿದ್ದಳಂತೆ. ತುಂಬಿ ಮುಗಿಸಿ ನನಗೆ ಫೋನ್ ಮಾಡಿ, "ಅಕ್ಕಾ, ಚಿತ್ರದುರ್ಗ ಅಂತ ಹೇಳ್ತು," ಎಂದಳು. ಅಂಕದ ಮೇಲೆಯೇ ಚಿತ್ರದುರ್ಗದ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತು. ನನಗೆ ಅಳು ಬಂತು. ಸಂತೋಷಕ್ಕೆ ಎಂದು ಹೇಳಿದರೆ ಪೂರ್ತಿ ಸತ್ಯವಾಗುವುದಿಲ್ಲ. ಒಬ್ಬ ಹುಡುಗಿಯ ಇಷ್ಟು ಸಣ್ಣ ಕೆಲಸಕ್ಕೆ ಇಷ್ಟೊಂದು ಯುದ್ಧ ಬೇಕಾಯಿತಲ್ಲ ಎಂಬ ಸಂಕಟವೂ ಇತ್ತು.

ಹಾಸ್ಟೆಲಿಗೆ ಸೇರುವ ದಿನ ನಾನೂ ಹೋದೆ. ಅವ್ವ ಹಾಸಿಗೆ, ಟ್ರಂಕು, ಹುರಿದ ಶೇಂಗಾ ಎಲ್ಲ ಹೊತ್ತು ತಂದಿದ್ದಳು. ನನ್ನ ಜೊತೆ ಮಾತಾಡಿದಳು. ಪೂರ್ತಿ ಮನಸ್ಸು ಬಿಚ್ಚಿ ಅಲ್ಲ, ಆದರೂ ಮಾತಾಡಿದಳು. ದಾಖಲಾತಿ ನೋಡಿಕೊಳ್ಳಲು ಹಿರಿಯೂರಿನಿಂದ ಅದೇ ಗುಮಾಸ್ತರು ಬಂದಿದ್ದರು. ಅರ್ಜಿ ಯಾರು ತುಂಬಿಕೊಟ್ಟರು ಎಂದು ಕೇಳಿದರು. ನಾನೇ ಎಂದಳು ಹುಡುಗಿ. ಅದು ಸರಿ, ಪಕ್ಕದಲ್ಲಿ ಯಾರಿದ್ದರು ಎಂದರು. ಯಾರೂ ಇರಲಿಲ್ಲ ಎಂದಳು. ಗುಮಾಸ್ತರು ಪೇಚಿಗೆ ಬಿದ್ದರು. ಹಾಗಾದರೆ ಇದು ನಡೆಯುವುದಿಲ್ಲ, ದೃಷ್ಟಿಹೀನರು ಹಾಕಿದ ಅರ್ಜಿಗೂ ಹಾಸ್ಟೆಲಿನ ನಿಯಮಗಳಿಗೂ ಕಣ್ಣಿದ್ದ ಒಬ್ಬರು ಸಾಕ್ಷಿ ಹಾಕಬೇಕು, ಮೇಲಿನಿಂದ ಹೊಸದಾಗಿ ಹೇಳಿದ್ದಾರೆ ಎಂದರು. ನನ್ನ ವರದಿಯ ಮೇಲೆ ಆ ಸಂಸ್ಥೆ ತಾನಾಗಿ ತೆಗೆದುಕೊಂಡ ಒಂದೇ ಕ್ರಮ ಇದು.

ನಾನು ಹಾಕುತ್ತೇನೆ ಎಂದೆ. ಹಾಗೆ ಹೇಳಿದ್ದು ಸಿಟ್ಟಿಗೆ. ನನ್ನ ಸಹಿ ನಡೆಯುವುದಿಲ್ಲವೆಂದು ನನಗೂ ಗೊತ್ತಿತ್ತು. ಗುಮಾಸ್ತರು ಸಂಕೋಚದಿಂದ, ನೀವೂ ಹಾಗೇ ಅಲ್ಲವೇ ಮೇಡಂ ಎಂದರು. ಆಮೇಲೆ ಅವರಿಗೇ ಉಪಾಯ ಹೊಳೆಯಿತು. ತಾಯಿ ಇದ್ದಾರಲ್ಲ, ಕಣ್ಣು ಚೆನ್ನಾಗಿಯೇ ಕಾಣುತ್ತದಲ್ಲ, ಅವರು ಹಾಕಲಿ. ಅವ್ವನಿಗೆ ಸಹಿ ಬರುವುದಿಲ್ಲ ಎಂದಳು ಹುಡುಗಿ. ಪರವಾಗಿಲ್ಲ, ಹೆಬ್ಬೆಟ್ಟು ಸಾಕು ಎಂದರು.

ಅವ್ವ ಕಾಗದ ಇಸಿದುಕೊಂಡಳು. ಶೇಂಗಾ ವ್ಯಾಪಾರದಲ್ಲಿ ಪಳಗಿದವಳು, ಗೊತ್ತಿಲ್ಲದ್ದಕ್ಕೆ ಬೆರಳು ಒತ್ತುವ ಪೈಕಿ ಅಲ್ಲ.

"ಏನ್ ಬರ್ದವ್ರೆ ನೋಡವ್ವ ಇದ್ರಾಗೆ," ಎಂದು ಅದನ್ನು ಮಗಳ ಕೈಗೆ ಕೊಟ್ಟಳು.

ಹುಡುಗಿ ಕಾಗದವನ್ನು ಮೇಜಿನ ಮೇಲೆ ಸರಿಯಾಗಿ ಹರಡಿ, ಮೊಬೈಲಿನ ಕ್ಯಾಮೆರಾ ಹಿಡಿದಳು. ಮೊಬೈಲ್ ಗಟ್ಟಿಯಾಗಿ ಓದತೊಡಗಿತು. ಅರ್ಥವಾಗದ ಕಡೆ ಹುಡುಗಿ ನಿಲ್ಲಿಸಿ, ತಮ್ಮ ಮಾತಿನಲ್ಲಿ ಅವ್ವನಿಗೆ ಬಿಡಿಸಿ ಹೇಳಿದಳು. ಅವ್ವ ಹೂಂ, ಹೂಂ ಎನ್ನುತ್ತಿದ್ದಳು. ಕೊನೆಯ ಸಾಲು ಬಂತು. ಮೇಲಿನ ಎಲ್ಲವನ್ನೂ ಸಾಕ್ಷಿಯಾದ ನಾನು ಓದಿ ತಿಳಿದುಕೊಂಡು, ಓದಲಾಗದ ಅಭ್ಯರ್ಥಿಗೆ ಓದಿ ಹೇಳಿರುತ್ತೇನೆ.

ಮಗಳು ಅದನ್ನೂ ಬಿಡಿಸಿ ಹೇಳಿದಳು. ಆಮೇಲೆ ಶಾಯಿಯ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂದು ಗುಮಾಸ್ತರು ತೋರಿಸಿದರು, ಅವ್ವ ಒತ್ತಿದಳು. ಅವರು ಕಾಗದವನ್ನು ಎತ್ತಿಕೊಂಡು, ಈಗ ಎಲ್ಲ ಸರಿ ಹೋಯಿತು ಎಂದರು.